ಅತ್ತೆಯ ಹಳದಿ ಕಲ್ಲಂಗಡಿ

ಶೋನ್‌ಥಾಲ್, ಮ್ಯಾನಿಟೋಬಾ
ಮಾರ್ಚ್ 9, 1986

ಪ್ರಿಯ ಯುಸ್ಟಿನಾ,

ದೇವರ ದಯೆಯಿಂದ ನಾನು ಆರೋಗ್ಯವಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಅದು ನನ್ನ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ನಿನ್ನೆ ನೀನು ಒಬ್ಬಳೇ ಅಂಗಳದ ಹಿಮ ಬಾಚುತ್ತಿದ್ದೆ. ಸೊಂಟ ಜೋಪಾನ ಎಂದು ಕೂಗಬೇಕೆನಿಸಿತು. ಕೂಗಿದ್ದರೆ ನೀನು ಹಟಕ್ಕೆ ನನ್ನ ಅಂಗಳದ್ದನ್ನೂ ಬಾಚುತ್ತಿದ್ದೆ, ಹಾಗಾಗಿ ಸುಮ್ಮನಾದೆ.

ಎದುರು ಮನೆಗೆ ಕಾಗದ ಬರೆಯುವುದು ನಗೆಪಾಟಲಿನ ವಿಷಯವೇ. ಅಂಚೆ ಕಚೇರಿಯ ಸೂಸಾ ಪೀಟರ್ಸ್ ವಿಳಾಸ ಓದಿದ ಕೂಡಲೇ "ರಸ್ತೆ ದಾಟಿದ್ರೆ ಆಗ್ತಿತ್ತಲ್ಲ, ಸ್ಟಾಂಪ್ ಯಾಕೆ ದಂಡ?" ಎನ್ನದೆ ಇರುವವಳಲ್ಲ. ಎನ್ನಲಿ. ಎದುರಿಗೆ ನಿಂತು ಮಾತಾಡಿದರೆ ನಿನಗೆ ಸಿಟ್ಟು ಬರುತ್ತದೆ, ನನಗೆ ಹೇಳಬೇಕಾದದ್ದು ಮರೆತುಹೋಗುತ್ತದೆ.

ವಿಷಯ ಕಲ್ಲಂಗಡಿಯದು. ಬೀಜದ ಕಂಪನಿಯ ಪುಸ್ತಕ ನಿನಗೂ ಬಂದಿರಬೇಕು. ಬೇಗ ಹಣ್ಣಾಗುವುದು, ತೊಟ್ಟಿಲಷ್ಟು ದೊಡ್ಡದಾಗುವುದು, ಚಳಿಗೆ ಜಗ್ಗದ್ದು ಎಂದು ಪುಟಗಟ್ಟಲೆ ಇವೆ, ಒಂದಕ್ಕಿಂತ ಒಂದು ಸಿಹಿಯಂತೆ. ನೀನು ಈ ಊರಿಗೆ ವಾಪಸಾದ ಮೇಲೆ ಮೂರು ಬೇಸಿಗೆಯಿಂದ ಹಾಕುತ್ತಿರುವ ಪಟ್ಟೆ ಕಾಯಿಯೂ ಅದರಲ್ಲಿದೆ. ಅದರ ಮೇಲೆ ನನಗೆ ದ್ವೇಷವೇನಿಲ್ಲ. ನಮ್ಮ ಗಿಡ್ಡ ಬೇಸಿಗೆಗೆ ಒಗ್ಗುವ ಕಾಯಿ.

ಆದರೆ ಹೋದ ಆಗಸ್ಟ್‌ನಲ್ಲಿ ನಾನು ಕೊಯ್ದ ಹಣ್ಣುಗಳ ಕಥೆ ನಿನಗೆ ಗೊತ್ತಿಲ್ಲ. ಬಿತ್ತಿದ್ದು ಅತ್ತೆಯ ಹಳದಿ ಕಲ್ಲಂಗಡಿ. ಬಂದದ್ದರಲ್ಲಿ ಅರ್ಧದ ಸಿಪ್ಪೆಯ ಮೇಲೆ ನಿನ್ನ ಕಾಯಿಯ ಪಟ್ಟೆ, ಒಳಗೆ ನಿನ್ನ ಕಾಯಿಯ ಕೆಂಪು. ನೀನು ಮೊದಲ ಸಲ ಹಾಕಿದ ವರ್ಷ ನನ್ನ ಹಣ್ಣು ಎಂದಿನಂತೆಯೇ ಇತ್ತು, ಮರುವರ್ಷ ಬಿತ್ತಿದ್ದು ಅದಕ್ಕೂ ಹಿಂದಿನ ಬೀಜ, ಹಾಗಾಗಿ ನಾನೂ ನಿಶ್ಚಿಂತೆಯಿಂದಿದ್ದೆ. ಬೆರಕೆಯಾದದ್ದು ಆ ವರ್ಷದ ಹಣ್ಣಿನಲ್ಲಿ ಕಾಣುವುದಿಲ್ಲ, ಬೀಜದೊಳಗೆ ಕೂತಿದ್ದು ಅದನ್ನು ಬಿತ್ತಿದಾಗ ಹೊರಬರುತ್ತದೆ. ನಿನ್ನನ್ನು ಬೈಯುತ್ತಿಲ್ಲ. ನಮ್ಮಿಬ್ಬರಿಗೆ ಮಾತಿಲ್ಲ ಎಂಬುದು ಜೇನುಹುಳಕ್ಕೆ ಹೇಗೆ ಗೊತ್ತಾಗಬೇಕು, ಅದು ಎರಡೂ ಮನೆಗೆ ಹೋಗಿ ಬರುತ್ತದೆ.

ನೆಲಮಾಳಿಗೆಯಲ್ಲಿ ಹಳೆಯ ಬೀಜದ ಒಂದೇ ಜಾಡಿ ಉಳಿದಿದೆ. ವರ್ಷ ಬರೆದ ಚೀಟಿ ಅಂಟಿಸುವುದು ನಿನ್ನ ಅಣ್ಣನ ಕೆಲಸವಾಗಿತ್ತು. ಅವರು ಹೋದ ಮೇಲೆ ನಾನು ಅಂಟಿಸಲಿಲ್ಲ, ಒಳ್ಳೆಯದರ ಜೊತೆ ಬೆರಕೆಯೂ ಸೇರಿರಬಹುದು. ಈ ವರ್ಷ ಬಿತ್ತದಿದ್ದರೆ ಅದು ಮೊಳೆಯುವ ಭರವಸೆಯೂ ಇಲ್ಲ. ಅತ್ತೆಯ ಅಜ್ಜಿ ರಷ್ಯಾದಿಂದ ಬರುವಾಗ ಲಂಗದ ಅಂಚಿನಲ್ಲಿ ಹೊಲಿದು ತಂದ ಬೀಜದ ಹಣ್ಣು ನಮ್ಮಿಬ್ಬರ ಕಾಲದಲ್ಲಿ ಮುಗಿದುಹೋದರೆ ನನಗೆ ಸಂಕಟವಾಗುತ್ತದೆ. ಬೇರೆ ಯಾರಿಗೂ ಆಗಲಿಕ್ಕಿಲ್ಲ, ನಿನಗೆ ಆಗಬಹುದು.

ಅದಕ್ಕೇ ಕೇಳುತ್ತಿದ್ದೇನೆ. ಈ ಒಂದು ಬೇಸಿಗೆ ನೀನು ಕಲ್ಲಂಗಡಿ ಹಾಕಬೇಡ. ಕರ್ಬೂಜ, ಸೌತೆ ಎಷ್ಟು ಬೇಕಾದರೂ ಹಾಕಿಕೊ, ಅವು ಇದರೊಂದಿಗೆ ಬೆರೆಯುವುದಿಲ್ಲ. ನನ್ನ ತೋಟದಲ್ಲಿ ಪಟ್ಟೆ ಕಂಡ ಬಳ್ಳಿಯನ್ನೆಲ್ಲ ಕಿತ್ತುಹಾಕುತ್ತೇನೆ. ಉಳಿದದ್ದು ಹಣ್ಣಾದಾಗ ನೀನು ಬಂದು ತಿಂದು, ಯಾವುದರ ಬೀಜ ಇಡಬೇಕೆಂದು ಹೇಳಬೇಕು. "ಬಣ್ಣ ನಂಬಬೇಡ, ಬಾಯಿ ನಂಬು" ಎಂದು ಅತ್ತೆ ಹೇಳುತ್ತಿದ್ದದ್ದು ನಿನಗೂ ಗೊತ್ತು. ನಾನೊಬ್ಬಳೇ ಆರಿಸಿದರೆ ನಾಳೆ ನೀನು "ಇದು ನಮ್ಮಮ್ಮನ ಹಣ್ಣೇ ಅಲ್ಲ" ಎಂದು ತಕರಾರು ತೆಗೆಯುತ್ತೀಯ. ಅದು ಬೇಡ ಎಂದಷ್ಟೇ.

ಅತ್ತೆ ಬೀಜವನ್ನು ಮಗಳಿಗೆ ಕೊಡದೆ ಸೊಸೆಗೆ ಕೊಟ್ಟರೆಂಬ ಸಿಟ್ಟು ನಿನಗಿನ್ನೂ ಇಳಿದಿಲ್ಲ. ಆಗ ನೀನು ವಿನ್ನಿಪೆಗ್‌ನಲ್ಲಿ ಮೂರನೆಯ ಮಹಡಿಯ ಮೇಲಿದ್ದೆ. ಬಾಲ್ಕನಿಯಲ್ಲಿ ಬಳ್ಳಿ ಹಬ್ಬಿಸುತ್ತಿದ್ದೆಯಾ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬರುವ ಹೊತ್ತಿಗೆ ಎದುರು ಮನೆಗೆ ನಾದಿನಿ ಬಂದಳು.

ನಿನ್ನ ಅತ್ತಿಗೆ,
ಅಗನೇಟಾ

ತಾ.ಕ. ಏಪ್ರಿಲ್ ಮುಗಿಯುವುದರೊಳಗೆ ತಿಳಿಸು. ಕಿಟಕಿಯ ಬಳಿ ಲೋಟಗಳಲ್ಲಿ ಬೀಜ ಊರಬೇಕು.


ಶೋನ್‌ಥಾಲ್
ಮಾರ್ಚ್ 17

ಅಗನೇಟಾ ಅತ್ತಿಗೆಗೆ ವಂದನೆಗಳು.

ನಿಮ್ಮ ಕಾಗದ ತಲುಪಿತು. ಸೂಸಾ ಅದನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಟ್ಟಳು. "ಏನೇ ಇದು, ಜಮೀನಿನ ಜಗಳಾನಾ?" ಅಂದಳು. ಕಲ್ಲಂಗಡಿ ಅಂದೆ. "ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು, ಸುಳ್ಳು ಯಾಕೆ" ಎಂದು ಮುಖ ತಿರುಗಿಸಿದಳು.

ಬಾಲ್ಕನಿಯ ಮಾತು ನೀವು ಬರೆಯಬಾರದಿತ್ತು. ಅಮ್ಮ ಕೊಟ್ಟಿದ್ದರೆ ಬಾಲ್ಕನಿಯಲ್ಲೂ ಹಬ್ಬಿಸುತ್ತಿದ್ದೆ. ಕಾಯಿ ಬಿಡದಿದ್ದರೂ ಪ್ರತಿ ವರ್ಷ ಹಬ್ಬಿಸುತ್ತಿದ್ದೆ. ಮಗಳ ಕೈಗೆ ಒಂದು ಮುಷ್ಟಿ ಬೀಜ ಹಾಕಲು ಅಮ್ಮನಿಗೆ ಮನಸ್ಸಾಗಲಿಲ್ಲವಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ. ನೀವು ಅದನ್ನು ಸಿಟ್ಟು ಎಂದುಕೊಂಡಿದ್ದೀರಿ.

ಪಟ್ಟೆ ಕಾಯಿಯ ಬೀಜವನ್ನು ನಾನು ಫೆಬ್ರವರಿಯಲ್ಲೇ ತರಿಸಿಟ್ಟಿದ್ದೆ. ನನ್ನ ಲೀನಾಳ ಮದುವೆ ಆಗಸ್ಟ್ ಕೊನೆಗೆ ಎಂದು ನಿಮಗೂ ಗೊತ್ತಿರಬೇಕು, ಚರ್ಚಿನಲ್ಲಿ ಕೂಗಿದ್ದಾರೆ. ಹಿಂದಿನ ಸಂಜೆ ಊರಿಗೆಲ್ಲ ಹಿಟ್ಟು ಲಟ್ಟಿಸಿ ರೋಲ್‌ಕುಕೆನ್ ಕರಿದು ಕಲ್ಲಂಗಡಿ ಹೋಳು ಕೊಡಬೇಕು. ಮನೆಯಲ್ಲಿ ಬೆಳೆದ ಹಣ್ಣನ್ನೇ ಕೊಡಬೇಕೆಂಬ ಆಸೆ ನನಗಿತ್ತು. ಮೂರು ವರ್ಷದಿಂದ ಅದೇ ಕಾಯಿ ಹಾಕಿ ಪಳಗಿದ್ದೂ ಅದಕ್ಕೇ. ಆಗಲಿ, ಈಗ ಅಂಗಡಿಯಿಂದ ತರಿಸುತ್ತೇನೆ. ಟೆಕ್ಸಸ್‌ನಿಂದ ಲಾರಿಯಲ್ಲಿ ಬಂದ ಹಣ್ಣು ಕೊಟ್ಟಳು ಎಂದು ಊರಿನ ಹೆಂಗಸರು ಕ್ರಿಸ್‌ಮಸ್‌ವರೆಗೆ ಆಡಿಕೊಳ್ಳುತ್ತಾರೆ. ಲೀನಾ ಮಾತ್ರ "ಅಮ್ಮಾ, ಹಣ್ಣು ನೋಡೋಕೆ ಯಾರು ಬರ್ತಾರೆ, ನನ್ನನ್ನ ನೋಡೋಕಲ್ವಾ ಬರೋದು" ಎಂದು ನಕ್ಕುಬಿಟ್ಟಳು. ಬೀಜದ ಪೊಟ್ಟಣವನ್ನು ಮಾರ್ಡೆನ್‌ನಲ್ಲಿರುವ ನನ್ನ ಓರಗಿತ್ತಿಗೆ ಕೊಟ್ಟು ಬಂದೆ. ಆ ಜಾಗದಲ್ಲಿ ಬಟಾಣಿ ಹಾಕುತ್ತೇನೆ.

ಹಣ್ಣು ತಿಂದು ಹೇಳಲು ಬರುತ್ತೇನೆ. ತಕರಾರು ಬರಬಾರದೆಂದು ಕರೆಯುತ್ತಿದ್ದೀರಿ ಎಂದು ಓದಿ ನಗು ಬಂತು. ನನ್ನ ತಕರಾರಿಗೆ ನೀವು ಯಾವ ಕಾಲಕ್ಕೆ ಹೆದರಿದ್ದೀರಿ? ಬಾವಿಯ ನೀರಿನಲ್ಲಿ ತಣ್ಣಗೆ ಮಾಡಿ, ಒಂದೊಂದೇ ಕೊಯ್ದು ಕೊಡಿ. ಸಿಹಿಯೆಲ್ಲ ಇಳಿದ ಮೇಲೆ ನಾಲಿಗೆಯ ಬುಡಕ್ಕೆ ಬರುವ ಒಂಚೂರು ಹುಳಿ ನನಗೆ ನೆನಪಿದೆ. ಅದಿಲ್ಲದ್ದು ಅಮ್ಮನ ಹಣ್ಣಲ್ಲ.

ನಿಮ್ಮ ನಾದಿನಿ,
ಯುಸ್ಟಿನಾ

ತಾ.ಕ. ಜನವರಿಯಲ್ಲಿ ಬೆರ್ಗೆನ್ ತಾತನನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಕಾಫಿಯ ಜೊತೆ ಪ್ಲಮ್ ಹಣ್ಣಿನ ಪ್ಲಾಟ್ಸ್ ಕೇಕ್ ಕೊಟ್ಟರಲ್ಲ, ಅದನ್ನು ಬೇಯಿಸಿದವಳು ನಾನು. ಮೇಲೆ ಉದುರಿಸುವ ಹಿಟ್ಟಿಗೆ ಸಕ್ಕರೆಯ ಬದಲು ಉಪ್ಪು ಬೆರೆಸಿಬಿಟ್ಟಿದ್ದೆ. ಬಾಯಿಗಿಟ್ಟವರೆಲ್ಲ ಮೆಲ್ಲಗೆ ತಟ್ಟೆ ಸರಿಸಿದರು. ನೀವೊಬ್ಬರು ಪೂರ್ತಿ ತಿಂದು, ಚೆನ್ನಾಗಿದೆ ಎಂದು ಇನ್ನೊಂದು ತುಂಡು ಹಾಕಿಸಿಕೊಂಡಿರಿ. ನನ್ನ ಮಾನ ಉಳಿಸುತ್ತಿದ್ದೀರಿ ಅಂದುಕೊಂಡೆ. ಮನೆಗೆ ಬಂದು ಯೋಚಿಸಿದೆ, ನನ್ನ ಮಾನ ಉಳಿಸುವಷ್ಟು ಒಳ್ಳೆಯವರು ನೀವಲ್ಲ. ನವೆಂಬರ್‌ನಲ್ಲಿ ಮಲಗಿಸಿತಲ್ಲ, ಆ ಜ್ವರ ನಿಮ್ಮ ಬಾಯಿರುಚಿಯನ್ನೇ ತೆಗೆದುಕೊಂಡು ಹೋಗಿದೆ. ಯಾರಿಗೂ ಹೇಳಿಲ್ಲ ಅತ್ತಿಗೆ, ಹೇಳುವುದೂ ಇಲ್ಲ. ಸರಿಯಾದ ಹಣ್ಣು ಸಿಕ್ಕಿದ ದಿನ ನೀವೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ. ಹೇಗಿದೆ ಎಂದು ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ, ನಿಮಗೆ ನೆನಪಾಗುವವರೆಗೂ ಹೇಳುತ್ತೇನೆ.