ರಾಹುಕಾಲಕ್ಕೆ ಮುಂಚೆ ಕೂರಿಸಿದ ಇಂಜಿನ್

ಬಾಣಾವರ
ಫೆಬ್ರವರಿ ೧೯೮೩

ಇಂದುಧರನಿಗೆ,

ನೀನು ಹೇಳಿಕಳಿಸಿದ್ದು ನಿನ್ನೆ ತಲುಪಿತು. ಕಾರು ಹೊರಡುವಾಗಲೆಲ್ಲ ನಡುಗುತ್ತದೆ, ಅಪ್ಪ ಮನೆಯಲ್ಲಿಲ್ಲದ ಹೊತ್ತು ಬಂದು ನೋಡಿಹೋಗು ಎಂದಿದ್ದೀಯ. ಭಾನುವಾರ ಅದೇ ಕಾರಿನಲ್ಲಿ ನಿನ್ನಕ್ಕ ದ್ರಾಕ್ಷಾಯಣಿಯನ್ನು ಬೇಲೂರಿನ ಗಂಡನ ಮನೆಗೆ ಬಿಡಬೇಕಂತೆ. ನಾನು ಇಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತೇನೆ. ಇಂಜಿನ್ ಮುಟ್ಟಲು ಬಿಡುವುದಿಲ್ಲ. ಅರಸೀಕೆರೆಯ ಸಾಹುಕಾರರಾದ ನಿಮ್ಮಪ್ಪನ ಮನೆಯಲ್ಲಿ ಸುಳ್ಳು ಹೇಳಿದವನೆಂಬ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು.

ನಿಮ್ಮ ತಾತನ ಮಾರಿಸ್ ಕಾರು ಕೊಬ್ಬರಿ ಗೋದಾಮಿನಲ್ಲಿ ಚೀಲಗಳ ಹಿಂದೆ ಹದಿನಾಲ್ಕು ವರ್ಷ ನಿಂತಿತ್ತು. ನೀನು ಕಾಲೇಜು ಸೇರಿದ್ದೆ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಜವರಪ್ಪ ಮೇಸ್ತ್ರಿಯ ಗ್ಯಾರೇಜಿನಲ್ಲಿದ್ದೆ. ಮೇಸ್ತ್ರಿ ಅಂಬಾಸಿಡರಿನ ಇಂಜಿನ್, ಗೇರ್‌ಬಾಕ್ಸ್ ತಂದುಕೊಟ್ಟು, "ಇನ್ನು ನೀವಿಬ್ರೇ ಕೂರ್ಸ್ರಲಾ, ನೋಡೋವ" ಎಂದರು. ನಾಲ್ಕು ತಿಂಗಳು ಒಂದೇ ಲೋಟದಲ್ಲಿ ಟೀ ಕುಡಿದು ಕೆಲಸ ಮಾಡಿದೆವು. ಅಷ್ಟು ಖುಷಿ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಆ ಶುಕ್ರವಾರ ನಿಮ್ಮಪ್ಪ ಷಡಕ್ಷರಪ್ಪನವರು ಜಗಲಿಯಿಂದ ಕೂಗುತ್ತಲೇ ಇದ್ದರು. "ಹತ್ತೂವರೆಗೆ ರಾಹುಕಾಲ ಬತ್ತೈತೆ ಕಣ್ರಲಾ! ಅಷ್ಟರಾಗೆ ಇಂಜಿನ್ ಕಾರೊಳಗಿರ್ಬೇಕು." ನೆಲದ ಮೇಲೆ ನಾವು ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರಿಸುತ್ತಿದ್ದೆವು. ಎರಡು ಬೆರಳಷ್ಟು ಅಂತರ ಉಳಿದು ಒಳಗೆ ಹೋಗಲೇ ಇಲ್ಲ. ಕ್ಲಚ್ ಪ್ಲೇಟು ನಡುವಿನಿಂದ ಸರಿದಿದೆ, ಬಿಚ್ಚಿ ನೇರ ಮಾಡೋಣ, ಬೋಲ್ಟು ಬಿಗಿದು ಎಳೆಯಬೇಡ ಎಂದೆ ನಾನು. "ಸಾಕು ನಿನ್ನ ಪುರಾಣ, ಸ್ಪ್ಯಾನರ್ ಕೊಡೋ" ಎಂದು ನೀನು ಕಿತ್ತುಕೊಂಡು ಬಿಗಿದೆ. ಟಕ್ ಎಂದಿತು. ಗೇರ್‌ಬಾಕ್ಸಿನಲ್ಲಿ ಬೋಲ್ಟು ಕೂರುವ ಕಿವಿ ಸೀಳಿತ್ತು. ನೀನು ಅದರ ಮೇಲೆ ಗ್ರೀಸ್ ಬಳಿದು, ಇಂಜಿನ್ ಎತ್ತುವ ಚೈನ್ ಎಳೆ ಎಂದೆ.

ನಾನು ಎಳೆದೆ. ಇಂಜಿನ್ ಶಬ್ದ ಒಮ್ಮೆ ಕೇಳಬೇಕೆಂಬ ಆಸೆಗೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು. ಕಾರು ಬೀದಿ ಸುತ್ತಿ ಬಂದ ಸಂಜೆ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ನಿನ್ನ ಮುಖ ನೋಡಿದರು. "ಸೀಳೂ ಇಲ್ಲ ಏನೂ ಇಲ್ಲ ಅಪ್ಪಾಜಿ. ಕಾರು ಓಡಿದ್ದು ನೋಡಿ ಇವನಿಗೆ ಹೊಟ್ಟೆಕಿಚ್ಚು" ಎಂದೆ ನೀನು. ಕಾರಿನ ಅಡಿಗೆ ನುಗ್ಗಿ ನೋಡಿ ಯಜಮಾನ್ರೇ ಎಂದರೆ, ಬಿಳಿ ಪಂಚೆಯವರು ನುಗ್ಗುತ್ತಾರೆಯೇ? ಮೇಸ್ತ್ರಿಯೂ ಬಗ್ಗಿ ನೋಡಲಿಲ್ಲ. "ನಿನ್ ಮಾತು ದಿಟವೇ ಇರ್ಬೋದು ಕಣ್ಲಾ. ಸಾಹುಕಾರ್ರನ್ನ ಎದುರು ಹಾಕ್ಕೊಂಡು ನಾನು ಗ್ಯಾರೇಜ್ ಇಟ್ಕಳಕಾಯ್ತದಾ?" ಎಂದು ಕೆಲಸದಿಂದ ಕಳಿಸಿಬಿಟ್ಟರು.

ನಾನು ಊರು ಬಿಡುವ ದಿನ ಬಸ್ ಸ್ಟ್ಯಾಂಡಿಗೆ ನೀನು ಬಂದಿದ್ದೆ. "ನಿಂಗೆ ಇನ್ನೊಂದು ಗ್ಯಾರೇಜ್ ಸಿಗುತ್ತೆ ಕಣೋ. ನಂಗೆ ಅಪ್ಪ ಒಬ್ರೇ" ಎಂದೆ. ಇನ್ನೊಂದು ಹೆಸರು ಎಲ್ಲಿ ಸಿಗುತ್ತದೆಂದು ನೀನು ಹೇಳಲಿಲ್ಲ.

ಆ ನಡುಕ ಸೀಳಿನದು. ಹಳೇಬೀಡು ದಾಟುವುದರೊಳಗೆ ಗೇರ್‌ಬಾಕ್ಸ್ ಕಳಚಿಕೊಳ್ಳಬಹುದು. ನಾನು ಕದ್ದು ಬರುವುದಿಲ್ಲ. ನಡೆದದ್ದನ್ನೆಲ್ಲ, ನಾನು ಮೂರು ದಿನ ಸುಮ್ಮನಿದ್ದುದನ್ನೂ ಸೇರಿಸಿ, ನಿಮ್ಮಪ್ಪನಿಗೆ ಬರೆದು ಹಾಕಿದ್ದೇನೆ. ಕವರಿನಲ್ಲಿ ಅಲ್ಲ, ಕಾರ್ಡಿನಲ್ಲಿ. ಟಪಾಲಿನವನಿಂದ ಹಿಡಿದು ನಿನ್ನಕ್ಕನವರೆಗೆ ಯಾರು ಬೇಕಾದರೂ ಓದಲಿ.

ಅಕ್ಕ ಬಸ್ಸಿನಲ್ಲಿ ಸುಖವಾಗಿ ಬೇಲೂರು ಸೇರಲಿ. ನಿನಗೂ ಒಂದು ಹಾರೈಕೆ ಬರೆಯಲು ನೋಡಿದೆ. ಮನಸ್ಸಿನಲ್ಲಿಲ್ಲದ್ದನ್ನು ಬರೆಯಲಾರೆ.

ಇಷ್ಟೇ,
ಮರಿಯಣ್ಣ