ಚರಂಡಿಗೆ ಸುರಿದ ಬಿಯರಿಗೆ ನೀವೂ ಸಾಕ್ಷಿ

ಮಾನ್ಯ ಪರವಾನಗಿ ಅಧಿಕಾರಿಗಳೇ,

‘ಒಂದೇ ಕಹಿಯನ್ನು ಕುಡಿದವರು ಮತ್ತೆ ಅಪರಿಚಿತರಾಗಲಾರರು.’ ಎಲ್ಲಿ ಓದಿದ ಸಾಲೋ ನೆನಪಿಲ್ಲ. ‘ಕುಡಿದವರು’ ಎಂದಿತ್ತೋ ‘ಉಂಡವರು’ ಎಂದಿತ್ತೋ, ಅದೂ ಖಚಿತವಿಲ್ಲ. ವರ್ಷಗಟ್ಟಲೆ ಅದನ್ನು ನಿಜವೆಂದೇ ನಂಬಿದ್ದೆ. ಕಳೆದ ಸೋಮವಾರ ನಮ್ಮ ಪುಟ್ಟ ಬಿಯರ್ ಘಟಕದ ಬಾಗಿಲಿಗೆ ನಿಮ್ಮ ಕಚೇರಿಯ ಅರಗಿನ ಮುದ್ರೆ ಬಿದ್ದ ಮೇಲೆ ಒಂದು ಅನುಮಾನ ಹುಟ್ಟಿದೆ. ಆ ಸಾಲು ಬರೆದವರು ಯಾರ ಜೊತೆ ಕೂತು ಕುಡಿದಿದ್ದರು? ಖಂಡಿತ ನಿಮ್ಮ ಜೊತೆಯಲ್ಲ.

ನಾವು ಪ್ರೀತಿಯಿಂದ ಬರೆದ ರುಚಿಯ ಟಿಪ್ಪಣಿಗಳ ಪುಸ್ತಕವನ್ನು ಓದುವ ನೆಪದಲ್ಲಿ ಒಯ್ದಿರಿ. ಅದನ್ನೇ ಸಾಕ್ಷ್ಯ ಮಾಡಿಕೊಂಡು, ಅದನ್ನು ಬರೆಸಿದವಳ ಬದುಕಿಗೆ ಬೀಗ ಹಾಕಿದಿರಿ. ನನ್ನ ದೂರು ಇಷ್ಟೇ. ಉಳಿದದ್ದನ್ನು ಬರೆಯುತ್ತಿರುವುದು ಈ ಪತ್ರ ಓದುವ ಇತರರಿಗಾಗಿ. ನಿಮಗೆ ಎಲ್ಲವೂ ಗೊತ್ತು.

ಆಕೆ ಹದಿನೆಂಟು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು, ಆ ಕೆಲಸ ಬಿಟ್ಟು, ಮುಚ್ಚಿಹೋಗಿದ್ದ ಒಂದು ಲಾಂಡ್ರಿಯ ಷೆಡ್ಡಿನಲ್ಲಿ ನಾಲ್ಕು ಉಕ್ಕಿನ ತೊಟ್ಟಿಗಳನ್ನಿಟ್ಟು ಬಿಯರ್ ಮಾಡಲು ಕೂತವಳು. ನಾವು ಲ್ಯಾಬಮ್ಮ ಎನ್ನುತ್ತೇವೆ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಏಳೆಂಟು ಜನ ಅಲ್ಲಿ ಉಳಿದಿದ್ದ ಉದ್ದನೆಯ ಇಸ್ತ್ರಿ ಮೇಜಿನ ಸುತ್ತ ಸೇರುತ್ತಿದ್ದೆವು. ಲೋಟಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಒಂದೊಂದರಲ್ಲೂ ನಾಲ್ಕೇ ಗುಟುಕು. ಕುಡಿಯುವುದಕ್ಕಿಂತ ಮೂಸುವುದಕ್ಕೆ ಹೆಚ್ಚು ಹೊತ್ತು, ಮೂಸುವುದಕ್ಕಿಂತ ವಾದಕ್ಕೆ ಹೆಚ್ಚು ಹೊತ್ತು. ಎಂ.ಎ. ತರಗತಿಯಲ್ಲಿ ಎರಡು ವರ್ಷ ಕವಿತೆ ಓದಿದವಳು ನಾನು. ಸರಿಯಾದ ಒಂದು ಪದಕ್ಕಾಗಿ ಜನ ಅಷ್ಟು ಜಗಳವಾಡಿದ್ದನ್ನು ಅಲ್ಲಿಯೂ ಕಂಡಿರಲಿಲ್ಲ. ಒಮ್ಮೆ ನಾನು ಕಪ್ಪು ಬಿಯರಿನಲ್ಲಿ ಸುಟ್ಟ ಬ್ರೆಡ್ಡಿನ ಅಂಚಿದೆ ಎಂದೆ. ಲಿಫ್ಟ್ ರಿಪೇರಿ ಮಾಡುವ ಅಣ್ಣ ಲೋಟ ಕೆಳಗಿಟ್ಟು, “ಬ್ರೆಡ್ಡಲ್ಲ ಮೇಡಂ, ಇದು ಸುಟ್ಟ ಮೋಟರು. ದಿನಾ ಮೂಸ್ತೀನಿ, ನನಗೆ ಗೊತ್ತಾಗಲ್ವಾ?” ಎಂದರು.

ಅಲ್ಲೊಂದು ನಿಯಮವಿತ್ತು. ಅದನ್ನು ಮಾಡಿದವಳು ಲ್ಯಾಬಮ್ಮನೇ. “ಹೊಗಳೋದನ್ನ ಬಾಯಲ್ಲಿ ಹೇಳಿ ಅಕ್ಕ, ಕೇಳಿ ಖುಷಿಪಟ್ಟು ಮರೆತುಬಿಡ್ತೀನಿ. ಬೈಯೋದನ್ನ ಮಾತ್ರ ಬರೆದುಕೊಡಿ. ನನಗೆ ಬೇಕಾಗಿರೋದು ಅದು.” ಹಾಗಾಗಿ ಪುಸ್ತಕದಲ್ಲಿ ಒಂದೇ ಒಂದು ಒಳ್ಳೆಯ ಮಾತಿಲ್ಲ. ಮೂರು ವರ್ಷದ ಪುಟಗಳ ತುಂಬ ಒದ್ದೆ ರಟ್ಟು, ಹುಳಿಹಿಡಿದ ಬೆಣ್ಣೆ, ಬೆಂದ ಕೋಸಿನ ನೀರು. ಹೊಸಬರು ಓದಿದರೆ ಇದು ನಮ್ಮ ಪ್ರೀತಿಯ ದಾಖಲೆ ಎಂದು ಹೇಗೆ ತಿಳಿಯಬೇಕು? ಆದರೆ ನೀವು ಹೊಸಬರಾಗಿದ್ದಿರಾ?

ಎರಡು ವರ್ಷದ ಹಿಂದೆ ನೀವು ಮೊದಲ ಸಲ ಒಳಗೆ ಬಂದಾಗ ನಾವೆಲ್ಲ ಗಾಬರಿಯಿಂದ ಎದ್ದು ನಿಂತೆವು. “ಅಯ್ಯೋ, ಕೂತ್ಕೊಳ್ಳಿ! ಇಲ್ಲಿ ನಾನು ಸಾಹೇಬ ಅಲ್ಲ, ಬಾಯಾರಿದವನು ಅಷ್ಟೆ” ಎಂದಿರಿ. ಪ್ರತಿ ಲೋಟಕ್ಕೂ ಮೀಸೆಗೆ ನೊರೆ ಮೆತ್ತಿಕೊಳ್ಳುತ್ತಿದ್ದುದರಿಂದ ನಿಮಗೆ ನೊರೆಮೀಸೆ ಎಂದು ಹೆಸರಿಟ್ಟೆವು. ನೀವೂ ನಕ್ಕಿರಿ. ಪುಸ್ತಕದಲ್ಲಿ ನಿಮ್ಮ ಕೈಬರಹದ ಹನ್ನೊಂದು ಟಿಪ್ಪಣಿಗಳಿವೆ. ‘ಕಹಿ ತಡವಾಗಿ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ’ ಎಂಬ ನಿಮ್ಮ ಮಾತು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಅಂಥ ಮಾತು ಬರೆಯಬಲ್ಲವರು ಮುಂದೆ ಎಂಥ ಆದೇಶ ಬರೆಯಬಲ್ಲರು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ನಾವು ಸೇರಿದ ಕೊನೆಯ ಶನಿವಾರ ನಿಮಗೆ ನೆನಪಿರಬೇಕು. ಎರಡನೇ ಲೋಟ ಕೆಟ್ಟಿತ್ತು. ನಾನು ಬರೆದೆ: ‘ಗಾಯದಿಂದ ಕಿತ್ತ ಪ್ಲಾಸ್ಟರಿನ ವಾಸನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರಿಗೋ ಕಾದಂತೆ.’ ಲ್ಯಾಬಮ್ಮ ಓದಿ ಲೋಟವನ್ನು ಮತ್ತೊಮ್ಮೆ ಮೂಸಿದಳು. “ಕ್ಲೋರಿನ್ ಅಕ್ಕ! ಇದನ್ನ ಕುದಿಸಿದ ವಾರ ನಲ್ಲಿ ನೀರಿಗೆ ಜಾಸ್ತಿ ಹಾಕಿದ್ರು, ನಾನು ನೋಡ್ಲೇ ಇಲ್ಲ. ಹದಿನೆಂಟು ವರ್ಷ ನೀರನ್ನೇ ನೋಡಿದವಳು ನಾನು!” ಅದು ವಿಷವಲ್ಲ, ಕೆಟ್ಟ ರುಚಿ ಮಾತ್ರ ಎಂದು ಅವಳೇ ವಿವರಿಸಿದಳು. ಆದರೂ ಇಡೀ ತೊಟ್ಟಿಯನ್ನು ಅಲ್ಲೇ ಚರಂಡಿಗೆ ಬಿಟ್ಟಳು. ಒಂದು ಲೋಟವೂ ಮಾರಾಟಕ್ಕೆ ಹೋಗಲಿಲ್ಲ. ಪ್ಯಾಂಟು ಮಂಡಿಯವರೆಗೆ ಮಡಚಿ ಪೈಪು ಹಿಡಿದವರು ಯಾರು? ನೀವು. “ಸಾಹೇಬ್ರೇ, ನಿಮ್ಮ ಇಲಾಖೆ ಇಷ್ಟು ಬೇಗ ಯಾವತ್ತಾದ್ರೂ ಏನಾದ್ರೂ ವಿಲೇವಾರಿ ಮಾಡಿದ್ದುಂಟಾ?” ಎಂದು ಲಿಫ್ಟಿನ ಅಣ್ಣ ಕೆಣಕಿದಾಗ ನಗುತ್ತ ಪೈಪು ಕೈಬಿಟ್ಟು ನಮ್ಮೆಲ್ಲರ ಕಾಲು ತೋಯಿಸಿದವರೂ ನೀವೇ.

ಹೊರಡುವಾಗ ನನ್ನನ್ನು ಕೇಳಿದಿರಿ: “ಮೇಡಂ, ಪುಸ್ತಕ ಒಂದು ವಾರ ಕೊಡ್ತೀರಾ? ಮನೇಲಿ ನಿಧಾನವಾಗಿ ಓದ್ಬೇಕು. ಮುಖ್ಯವಾಗಿ ನೀವು ಬರೆದಿದ್ದನ್ನ.” ಪುಸ್ತಕ ನನ್ನ ಸುಪರ್ದಿನಲ್ಲಿತ್ತು. ಹೊಗಳಿಕೆಗೆ ಸೋತು, ಲ್ಯಾಬಮ್ಮನನ್ನು ಒಂದು ಮಾತೂ ಕೇಳದೆ ಕೊಟ್ಟೆ.

ಈಗ ನಿಮ್ಮ ಆದೇಶದ ಮೂರನೇ ಪುಟ: ‘ಸದರಿ ಘಟಕದ ಉತ್ಪನ್ನವು ಮಾನವ ಸೇವನೆಗೆ ಯೋಗ್ಯವಲ್ಲವೆಂಬುದು ಗ್ರಾಹಕರ ಲಿಖಿತ ಹೇಳಿಕೆಗಳಿಂದಲೇ ದೃಢಪಟ್ಟಿರುತ್ತದೆ.’ ಅದರ ಕೆಳಗೆ ಮೊಟ್ಟಮೊದಲಿಗೆ ನನ್ನ ಪ್ಲಾಸ್ಟರು, ನನ್ನ ಕಾರಿಡಾರು. ಜೀವಮಾನದಲ್ಲಿ ನನ್ನ ಬರಹ ಅಚ್ಚಾಗಿದ್ದು ಇದೇ ಮೊದಲು, ಅಭಿನಂದಿಸುತ್ತೀರಾ? ನಿಮ್ಮ ಹನ್ನೊಂದು ಟಿಪ್ಪಣಿಗಳಲ್ಲಿ ಒಂದೂ ಅಲ್ಲಿಲ್ಲ. ಅಷ್ಟೊಂದು ಸಂಕೋಚವೇಕೆ? ‘ಪೂರ್ತಿ ಸುರಿದೆವು’ ಎಂದು ಅದೇ ದಿನ ಲ್ಯಾಬಮ್ಮ ಮರುಪುಟದಲ್ಲಿ ಬರೆದದ್ದೂ ಇಲ್ಲ. ಪುಟ ತಿರುಗಿಸಲು ಬೆರಳು ಸೋತಿತೇ?

ನಿಮ್ಮ ಕಚೇರಿಗೂ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಗಾಜಿನ ಮರೆಯಿಂದ ನಿಮ್ಮ ನಗು ಕೇಳುತ್ತಿತ್ತು. ಎರಡು ವರ್ಷ ಕೇಳಿದ ನಗು ತಿಳಿಯದೇ? ಗುಮಾಸ್ತರು ಪಾಪ, ದನಿ ತಗ್ಗಿಸಿ ನಿಜ ಹೇಳಿದರು. “ವರ್ಷ ಮುಗಿಯೋದ್ರೊಳಗೆ ಒಂದಾದ್ರೂ ಘಟಕ ಮುಚ್ಚಿ ತೋರಿಸಿ ಅಂತ ಮೇಲಿಂದ ಬಂದಿತ್ತು ಮೇಡಂ. ಇದಕ್ಕೆ ಕಾಗದ ರೆಡಿ ಇತ್ತು.”

ಕಾಗದ ರೆಡಿ ಇತ್ತು! ದ್ವೇಷವಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದೆ. ತನ್ನ ತಪ್ಪನ್ನು ತಾನೇ ಬರೆಸಿಟ್ಟುಕೊಂಡವಳು ಕೈಗೆ ಸುಲಭವಾಗಿ ಸಿಕ್ಕಳು, ಅಷ್ಟೇ ತಾನೆ? ಏನನ್ನೂ ಬರೆದಿಡದ, ಯಾವ ಟೀಕೆಯನ್ನೂ ಕೇಳದ ಘಟಕಗಳ ಬಾಗಿಲು ಇವತ್ತೂ ತೆರೆದಿವೆ. ನಾಳೆ ಯಾರು ತಮ್ಮ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಾರೆ? ಇನ್ನೆರಡು ತೊಟ್ಟಿಗಳಲ್ಲಿ ಒಳ್ಳೆಯ ಬಿಯರ್ ಇತ್ತು, ಬೀಗದೊಳಗೆ ಹಾಳಾಗುತ್ತಿದೆ. ತಿಂಗಳೊಳಗೆ ಆದೇಶ ರದ್ದಾಗದಿದ್ದರೆ ಪರವಾನಗಿಯೇ ಹೋಗುತ್ತದೆ. ಸೋಮವಾರದಿಂದ ಲ್ಯಾಬಮ್ಮ ನನಗೆ ಫೋನ್ ಮಾಡಿಲ್ಲ.

ನಾನು ಕೇಳುವುದು ದಯೆಯಲ್ಲ. ಆ ಕಡತದಲ್ಲಿ ನಿಮ್ಮದೇ ಕೈಬರಹದಲ್ಲಿ ಒಂದು ವಾಕ್ಯ ಸೇರಿಸಿ: ‘ಈ ಬಿಯರನ್ನು ನನ್ನೆದುರೇ ಸುರಿಯಲಾಯಿತು, ಪೈಪು ಹಿಡಿದವನು ನಾನು.’ ಅದರ ಕೆಳಗೆ ಸಹಿ ಮಾಡಿ. ಬೀಗ ತೆಗೆಸಿ. ಪುಸ್ತಕವನ್ನು ಜವಾನರ ಕೈಲಿ ಕಳಿಸಬೇಡಿ. ಹಗಲು ಹೊತ್ತಿನಲ್ಲಿ, ಬೀದಿ ನೋಡುವಂತೆ, ನೀವೇ ನಡೆದು ತಂದು ಆಕೆಯ ಕೈಗೆ ಕೊಡಿ.

ಇಂತಿ,
ಆ ಪುಸ್ತಕವನ್ನು ತನ್ನ ಕೈಯಾರೆ ನಿಮ್ಮ ಚೀಲಕ್ಕೆ ಹಾಕಿದವಳು

ಮತ್ತೆ: ಇದನ್ನು ಪತ್ರಿಕೆಗೆ ಕೊಡಲು ಹೊರಟಾಗ ಡ್ಯೂಟಿಗೆ ಹೋಗುತ್ತಿದ್ದ ಪಕ್ಕದ ಮನೆಯ ನರ್ಸಮ್ಮ ಸಿಕ್ಕರು. ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಓದಿ ಹೇಳಿದೆ. ಸೆರಗು ಸರಿಮಾಡಿಕೊಳ್ಳುತ್ತ ಕೊನೆಯವರೆಗೂ ಕೇಳಿದರು. ಆಮೇಲೆ ಹೇಳಿದರು: “ಚೆನ್ನಾಗೇ ಬೈದಿದ್ದೀರ. ಸಾಹೇಬ್ರಿಗೆ ಇಷ್ಟುದ್ದ ಬರೆದ್ರಿ. ಲ್ಯಾಬಮ್ಮನ ಮನೆ ಎರಡೇ ಬೀದಿ ಆಚೆ. ಹೋಗಿ ಬಂದ್ರಾ?”