ಬಾಳೆತೋಟದಲ್ಲಿ ಎದ್ದ ಕಲ್ಲು

ಬಾಲ್ಗುಯೆ, ಒಮೆಟೆಪೆ ದ್ವೀಪ
17 ಅಕ್ಟೋಬರ್ 1994

ನನ್ನ ಮುದ್ದು ಎಲಿಡಾ,

ಹೇಗಿದ್ದೀಯಾ ಮಗಳೇ? ಕಾಲಿನ ಬಾವು ಇಳಿಯಿತೇ? ಬ್ಲೂಫೀಲ್ಡ್ಸ್‌ನ ಕಡಲಗಾಳಿ ಬಸುರಿಯರಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಹುಟ್ಟಿದಾಗಿನಿಂದ ಸರೋವರದ ಗಾಳಿಯನ್ನೇ ಕುಡಿದವಳು ನಾನು. ಕ್ಲಿಫರ್ಡ್ ತೆಂಗಿನಹಾಲಿನಲ್ಲಿ ಅನ್ನ ಮಾಡಿ ಬಡಿಸುತ್ತಾನೆಂದು ಬರೆದಿದ್ದೆಯಲ್ಲ, ಒಲೆ ಹಚ್ಚುವ ಗಂಡನ ಭಾಗ್ಯ ನನಗಂತೂ ಸಿಗಲಿಲ್ಲ. ನಾವು ಕ್ಷೇಮ. ನಮ್ಮ ಮದೇರಾಸ್ ಬೆಟ್ಟ ಮೋಡ ಹೊದ್ದು ಮಲಗಿದೆ. ಆಚೆಯ ಬೆಂಕಿಬೆಟ್ಟ ಕೊನ್ಸೆಪ್ಸಿಯೊನ್ ಮಾತ್ರ ಹೊಗೆ ಬಿಟ್ಟು, ಒಗೆದು ಹರವಿದ ಬಟ್ಟೆಯ ಮೇಲೆಲ್ಲ ಬೂದಿ ಉದುರಿಸುತ್ತದೆ.

ಈಗ ಸುದ್ದಿ ಕೇಳು. ಹೋದ ವಾರದ ಮಳೆಗೆ ಬೆಟ್ಟದಿಂದ ಕೆಸರು ಇಳಿದು ನಮ್ಮ ಬಾಳೆತೋಟದ ಒಂದು ಮೂಲೆಯನ್ನೇ ಕೊಚ್ಚಿಕೊಂಡು ಹೋಯಿತು. ಮಣ್ಣು ಹೋದಲ್ಲಿ ಎತ್ತಿನಷ್ಟು ದೊಡ್ಡ ಕರಿಗಲ್ಲು ಎದ್ದು ನಿಂತಿತ್ತು. ಒಡೆದು ಒಡ್ಡು ಕಟ್ಟುತ್ತೇನೆಂದು ನಿನ್ನಪ್ಪ ಸುತ್ತಿಗೆ ಹಿಡಿದು ಹೊರಟ. ಕೆಸರಿಗೆ ಏಟು ಜಾರುತ್ತದೆಂದು ನಾನು ನೀರು ಹೊತ್ತು ಹೋಗಿ ತೊಳೆದೆ. ಬೆರಳಿಗೆ ಕಲ್ಲಿನಲ್ಲಿ ಕೊರೆದ ಗೀರು ತಾಗಿತು. ಹಿಂದಿನವರು ಕೊರೆದ ಕಲ್ಲುಗಳು ನಮ್ಮಲ್ಲಿ ಹೊಸದಲ್ಲ, ನೀನೂ ಅವುಗಳ ಮೇಲೆ ಕುಣಿದು ಬೆಳೆದವಳೇ. ಆದರೆ ಇದು ಬೇರೆ. ತೊಳೆಯುತ್ತ ಹೋದಂತೆ ಪಾದ ಬಂತು, ಮಡಚಿದ ಮೊಣಕಾಲು ಬಂತು. ಕೂತ ಹೆಂಗಸು! ಹೊಟ್ಟೆಯ ಜಾಗದಲ್ಲಿ ಬಸವನಹುಳುವಿನ ಬೆನ್ನಿನಂಥ ಸುರುಳಿ.

ಪಕ್ಕದ ತೋಟದ ಫುಲ್ಹೆನ್ಸಿಯೊ ಬೇಲಿಯಾಚೆ ನಿಂತು, "ಏನೋ ನಿಕಾನೋರ್, ಹೆಂಡ್ತಿ ಕೈಲಿ ಕಲ್ಲಿಗೆ ಸ್ನಾನ ಮಾಡಿಸ್ತಿದ್ದೀಯಾ? ನೀನ್ಯಾವತ್ತು ಮಾಡಿದ್ದು?" ಎಂದು ನಕ್ಕ.

"ನಿನ್ನ ಮೂತಿಗಿಂತ ಇದೇ ಚೆನ್ನಾಗಿದೆ, ಬಂದು ನೋಡು" ಎಂದ ನಿನ್ನಪ್ಪ.

ಅವನು ಬೇಲಿ ದಾಟಿ ಬರುವಷ್ಟರಲ್ಲಿ ಸಂಜೆಯ ಬಿಸಿಲು ಮೋಡದಡಿಯಿಂದ ಓರೆಯಾಗಿ ಕಲ್ಲಿನ ಮೇಲೆ ಬಿತ್ತು. ಗೀರುಗಳಲ್ಲಿ ನೆರಳು ತುಂಬಿಕೊಂಡಿತು. ಆಗ ಕಂಡಿತಮ್ಮಾ, ಸುರುಳಿಯ ನಟ್ಟನಡುವೆ ಮುದುಡಿ ಮಲಗಿದ ಒಂದು ಕೂಸು. ಅದಕ್ಕೆ ಪುಟ್ಟ ಕೈಗಳೂ ಇದ್ದವು. ಕೆಸರಲ್ಲೇ ಕೂತು ಆ ಕೈಗಳನ್ನು ಬೆರಳಿನಿಂದ ಸವರಿದೆ. ಇದೇ ಇಳಿಜಾರಿನಲ್ಲಿ, ಕೆಳಗೆ ಇದೇ ಸರೋವರ ಹೊಳೆಯುತ್ತಿರುವಾಗ, ಯಾವ ಕಾಲದಲ್ಲೋ ಯಾರೋ ಕಲ್ಲಿನಿಂದ ಕಲ್ಲನ್ನು ಕೆತ್ತುತ್ತ ಕೂತಿದ್ದರು. ಯಾವ ಬಸುರಿಯನ್ನು ನೆನೆದರೋ, ಯಾವ ಹೆರಿಗೆಗೆ ಹೆದರಿದರೋ! ಅವರ ಮಾತು ಹೋಯಿತು, ಹೆಸರು ಹೋಯಿತು. ಆ ಕೂಸು ಮಾತ್ರ ನಮ್ಮ ಬಾಳೆಯ ಬೇರಿನಡಿ ಇಷ್ಟು ಕಾಲ ಮಲಗಿತ್ತು. ಫುಲ್ಹೆನ್ಸಿಯೊ ನಗು ಮರೆತು ಶಿಲುಬೆಯ ಗುರುತು ಹಾಕಿಕೊಂಡ. ಇಗರ್ಜಿಯಲ್ಲಿ ಬಿಟ್ಟರೆ ಎಲ್ಲೂ ಟೋಪಿ ತೆಗೆಯದ ನಿನ್ನಪ್ಪ ಟೋಪಿ ತೆಗೆದು ಎದೆಗೆ ಹಿಡಿದ. ಮೆಲ್ಲಗೆ ಕೇಳಿದ: "ಒತೀಲಿಯಾ, ಅವಳಿಗೀಗ ಎಷ್ಟು ತಿಂಗಳು?"

ಕಡಲ ಕಡೆಯವನನ್ನು ಮದುವೆಯಾದೆಯೆಂದು ಅಂದಿನಿಂದ ನಿನ್ನ ಮಾತೇ ಎತ್ತದ ಮನುಷ್ಯ! "ಎಂಟು ತುಂಬ್ತಾ ಬಂತು" ಎಂದೆ. ಸುತ್ತಿಗೆಯನ್ನು ಹೆಗಲಿಗೇರಿಸಿ ಮನೆಗೆ ನಡೆದ. ಮರುದಿನ ಕಲ್ಲಿನ ಸುತ್ತ ಜಾಗ ಬಿಟ್ಟು ಬೇಲಿ ಹಾಕಿದ. "ಒಡ್ಡಿಗೆ ಕಲ್ಲು ಬೇಡ್ವೇನೋ?" ಎಂದು ಫುಲ್ಹೆನ್ಸಿಯೊ ಕೇಳಿದ್ದಕ್ಕೆ, "ನಿನ್ನ ತೋಟದ್ದು ಕೊಡು" ಅಂದನಂತೆ.

ಕನ್ಯೆ ಮರಿಯಳು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ಹೆರಿಗೆ ಸಲೀಸಾಗಲಿ. ಕ್ಲಿಫರ್ಡ್‌ಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅಮ್ಮ,
ಒತೀಲಿಯಾ

ಮರೆತೆ: ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನಪ್ಪ ಶನಿವಾರ ಹೊರಡುತ್ತಾನೆ. "ರಿವಾಸ್ ಪೇಟೆಗೆ ಹೋಗಿ ಮಚ್ಚು ತರ್ತೀನಿ" ಅನ್ನುತ್ತಾನೆ. ಮಚ್ಚು ತರುವವನಿಗೆ ಇಸ್ತ್ರಿ ಮಾಡಿದ ಅಂಗಿ ಯಾಕೆ, ಬಾಳೆಗೊನೆ ಯಾಕೆ? ಬ್ಲೂಫೀಲ್ಡ್ಸ್‌ಗೆ ನದಿದೋಣಿ ಎಲ್ಲಿ ಸಿಗುತ್ತದೆಂದು ಊರೆಲ್ಲ ವಿಚಾರಿಸಿದ್ದಾನೆ. ತಪ್ಪಾಯಿತು ಅನ್ನುವ ಮಾತು ಅವನ ನಾಲಿಗೆಗೆ ಬಾರದು, ಅದಕ್ಕಾಗಿ ಕಾಯಬೇಡ. ಬಾಗಿಲು ತಟ್ಟಲೂ ನಾಚಿಕೊಂಡು ಬೀದಿಯಲ್ಲೇ ನಿಂತಿರುತ್ತಾನೆ. ನೀನೇ ಹೋಗಿ ಒಳಗೆ ಕರೆ.